ಅತಿಮಾನುಷ ವೀರರ ಸೋಲಿನ ಕಥೆಗಳು

ಕಾವ್ಯನಾಟಕಗಳ ನಾಯಕರನ್ನು ನಮ್ಮ ಆಲಂಕಾರಿಕರು ದಿವ್ಯ, ಅದಿವ್ಯ, ದಿವ್ಯಾದಿವ್ಯ ಎಂದು ಮೂರು ಬಗೆಯಾಗಿ ವಿಂಗಡಿಸಿರುವರು. ದೇವತೆಯಾದವನು ದಿವ್ಯ, ಕೇವಲ ಮನುಷ್ಯನಾದವನು ಅದಿವ್ಯ, ದಿವ್ಯನಾಗಿದ್ದೂ ತನ್ನನ್ನು ಮನುಷ್ಯನೆಂದೇ ಭಾವಿಸಿ, ಮನುಷ್ಯರ ಸುಖದುಃಖಗಳಿಗೆ ಒಳಗಾಗುವವನು ದಿವ್ಯಾದಿವ್ಯ. ಈ ಮೂರನೆಯದಕ್ಕೆ ಶ್ರೀರಾಮಚಂದ್ರನನ್ನು ನಿದರ್ಶನವಾಗಿ ಕೊಡುವುದು ವಾಡಿಕೆ. ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕಾ ದೇಶದ ಅಗ್ಗದ ಕಾಗದದ ಮೇಲೆ ಅಚ್ಚಾದ ಕಾಮಿಕ್ಸ್ ಎಂಬ ಚಿತ್ರಕಥಾ ಸಂಚಿಕೆಗಳಲ್ಲಿ ಒಂದು ಹೊಸ ನಾಯಕವರ್ಗವು ಹುಟ್ಟಿತು. ಸೂಪರ್‌ಹೀರೋ ಎಂದು ಆ ದೇಶದವರು ಕರೆಯುವ ಈ ಅತಿಮಾನುಷ ವೀರರು ಆಕಾಶದಲ್ಲಿ ಹಾರುವರು, ಗೋಡೆಗಳನ್ನು ಏರುವರು, ಸಿಡಿಗುಂಡುಗಳನ್ನು ಎದೆಯಿಂದ ತಡೆಯುವರು. ಉಳಿದ ವೇಳೆಯಲ್ಲಿ ವೃತ್ತಪತ್ರಿಕೆಯ ಬಾತ್ಮೀದಾರರಾಗಿಯೋ ಬಡ ವಿದ್ಯಾರ್ಥಿಗಳಾಗಿಯೋ ಇದ್ದು, ಬಾಡಿಗೆಗೂ ಔಷಧಕ್ಕೂ ಹಣವಿಲ್ಲದೆ ಪರದಾಡುವರು. ಇವರು ದಿವ್ಯಾದಿವ್ಯರೆಂಬುದರಲ್ಲಿ ಸಂದೇಹವಿಲ್ಲ.

ಇಂತಹ ಸಂಚಿಕೆಗಳು ಬಾಲಕರ ಕಾಲಹರಣಕ್ಕೆ ಮಾತ್ರ ತಕ್ಕವೆಂದು ಅಲ್ಲಿಯ ವಿದ್ಯಾವಂತರೇ ಬಹುಕಾಲ ಉಪೇಕ್ಷೆಮಾಡಿದರು. ಆದರೆ ಎಂಬತ್ತು ವರ್ಷಗಳಿಗೂ ಮೀರಿ ಬಾಳಿ, ಮೂರು ನಾಲ್ಕು ತಲೆಮಾರುಗಳ ಓದುಗರನ್ನು ಹಿಡಿದಿಟ್ಟುಕೊಂಡಿರುವ ಯಾವ ಕಥಾಸಂಪ್ರದಾಯವೇ ಆಗಲಿ ವಿಚಾರಕ್ಕೆ ಅರ್ಹವಾದುದೇ. ಅದರಲ್ಲಿಯೂ ಒಂದು ವಿಚಿತ್ರ ಸಂಗತಿಯುಂಟು. ಈ ವೀರರು ಸೋಲಿಲ್ಲದವರೆಂದೇ ಕಲ್ಪಿತರಾದವರು. ಅವರ ಜಯದ ಕಥೆಗಳು ಸಾವಿರಾರು ಅಚ್ಚಾಗಿವೆ. ಹೀಗಿದ್ದರೂ ಅಭಿಮಾನಿಗಳು ಮರಳಿ ಮರಳಿ ಓದುವ, ಮಕ್ಕಳಿಗೆ ಕೊಟ್ಟು ಓದಿಸುವ, ಅತ್ಯುತ್ತಮವೆಂದು ವಾದಿಸುವ ಪ್ರಸಂಗಗಳು ಯಾವುವೆಂದು ನೋಡಿದರೆ, ಅವುಗಳಲ್ಲಿ ಬಹುಪಾಲು ಸೋಲಿನ ಕಥೆಗಳು, ಇಲ್ಲವೆ ಸೋಲಿನ ಅಂಚಿಗೆ ಹೋಗಿಬಂದ ಕಥೆಗಳು. ಇದೇತಕ್ಕೆ ಹೀಗೆ ಎಂಬುದನ್ನು ಆ ಕಥೆಗಳ ಚರಿತ್ರೆಯಿಂದಲೇ ತಿಳಿಯಬೇಕಾಗಿದೆ.

ಈ ವಂಶದ ಮೂಲಪುರುಷನು ಸೂಪರ್‌ಮ್ಯಾನ್. ಓಹಾಯೋ ಸಂಸ್ಥಾನದ ಕ್ಲೀವ್‌ಲ್ಯಾಂಡ್ ನಗರದಲ್ಲಿದ್ದ ಜೆರಿ ಸೀಗೆಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ಯುವಕರು ಇವನನ್ನು ಸೃಷ್ಟಿಸಿದರು. ಇಬ್ಬರೂ ಯುರೋಪಿನಿಂದ ವಲಸೆ ಬಂದ ಯೆಹೂದ್ಯ ಕುಟುಂಬಗಳ ಮಕ್ಕಳು. ಸೀಗೆಲ್ ಕಥೆ ಬರೆಯುವವನು, ಶುಸ್ಟರ್ ಚಿತ್ರ ಬರೆಯುವವನು. 1929ರ ಆರ್ಥಿಕ ಕುಸಿತದಿಂದ ದೇಶದಲ್ಲೆಲ್ಲ ನಿರುದ್ಯೋಗವು ತುಂಬಿದ್ದ ಕಾಲವದು. ಸೀಗೆಲ್ಲನ ತಂದೆಯು 1932ರಲ್ಲಿ ತನ್ನ ಬಟ್ಟೆಯಂಗಡಿಯಲ್ಲಿ ಕಳ್ಳತನ ನಡೆದ ಸಮಯದಲ್ಲಿ ಕುಸಿದು ಮೃತನಾದನು. ಇಂತಹ ದಿನಗಳಲ್ಲಿ, ಗುಂಡು ತಾಗದ ದೇಹವುಳ್ಳ, ದುರ್ಬಲರ ಪಕ್ಷವನ್ನು ಹಿಡಿಯುವ ಒಬ್ಬ ವೀರನ ಕಲ್ಪನೆಯು ಆ ಯುವಕರ ಮನಸ್ಸಿನಲ್ಲಿ ಬೆಳೆಯಿತು. ಅನೇಕ ಪ್ರಕಾಶಕರು ತಿರಸ್ಕರಿಸಿದ ಮೇಲೆ, 1938ರ ಜೂನ್ ತಿಂಗಳ ಅಂಕಿತವುಳ್ಳ ‘ಆ್ಯಕ್ಷನ್ ಕಾಮಿಕ್ಸ್’ ಎಂಬ ಪತ್ರಿಕೆಯ ಮೊದಲನೆಯ ಸಂಚಿಕೆಯಲ್ಲಿ ಅದು ಬೆಳಕಿಗೆ ಬಂದಿತು. ಬೆಲೆ ಹತ್ತು ಸೆಂಟು.

ಆ ಮೊದಲನೆಯ ಕಥೆಯಲ್ಲಿ ಸೂಪರ್‌ಮ್ಯಾನ್ ಮಾಡುವ ಕೆಲಸಗಳನ್ನು ಗಮನಿಸಬೇಕು. ನಿರಪರಾಧಿಯಾದ ಹೆಂಗಸೊಬ್ಬಳನ್ನು ಮರಣದಂಡನೆಯಿಂದ ಬಿಡಿಸುವನು; ಹೆಂಡತಿಯನ್ನು ಹೊಡೆಯುವ ಗಂಡನನ್ನು ಶಿಕ್ಷಿಸುವನು; ಶಾಸನಸಭೆಯ ಸದಸ್ಯನನ್ನು ಒಳಗಿಂದೊಳಗೆ ಕೊಂಡುಕೊಳ್ಳುವವನನ್ನು ಬೆನ್ನಟ್ಟುವನು. ಅನ್ಯಗ್ರಹದ ರಾಕ್ಷಸರ ಮಾತು ಅಲ್ಲಿಲ್ಲ. ಬಡವನು ದಿನನಿತ್ಯ ಕಾಣುವ ಅನ್ಯಾಯವೇ ಅಲ್ಲಿ ಶತ್ರು. ಮೊದಲ ಓದುಗರು ಆ ಕಥೆಯನ್ನು ಪ್ರೀತಿಸಿದುದಕ್ಕೆ ಕಾರಣವನ್ನು ಬೇರೆ ಹುಡುಕಬೇಕಾದುದಿಲ್ಲ. ನ್ಯಾಯಸ್ಥಾನವೂ ಸರಕಾರವೂ ಮಾಡದ ಕೆಲಸವನ್ನು ಕಥೆಯಲ್ಲಾದರೂ ಒಬ್ಬನು ಮಾಡಿದನಲ್ಲಾ ಎಂಬ ತೃಪ್ತಿಯೇ ಅದು.

ಆದರೆ ಅದೇ ವೇಳೆಯಲ್ಲಿ ಅವನ ಸೃಷ್ಟಿಕರ್ತರಿಗೆ ನ್ಯಾಯವು ದೊರೆಯಲಿಲ್ಲ. ಸೂಪರ್‌ಮ್ಯಾನಿನ ಸರ್ವಸ್ವಾಮ್ಯವನ್ನು ಅವರು 1938ರಲ್ಲಿ 130 ಡಾಲರುಗಳಿಗೆ ಮಾರಿಕೊಂಡರು. ಪ್ರಕಾಶಕರಿಗೆ ಲಕ್ಷಗಟ್ಟಲೆ ಲಾಭವಾಯಿತು. ಇವರು ವ್ಯಾಜ್ಯಗಳಲ್ಲಿ ಸೋತರು. ಶುಸ್ಟರನ ಕಣ್ಣು ಮಂದವಾಯಿತು. 1975ರಲ್ಲಿ, ದೊಡ್ಡ ಚಲನಚಿತ್ರವೊಂದು ಸಿದ್ಧವಾಗುತ್ತಿದ್ದಾಗ, ಸೀಗೆಲ್ ತನ್ನ ಸ್ಥಿತಿಯನ್ನು ಬಹಿರಂಗಪಡಿಸಿದನು. ನೀಲ್ ಆ್ಯಡಮ್ಸ್, ಜೆರಿ ರಾಬಿನ್ಸನ್ ಮೊದಲಾದ ಚಿತ್ರಕಾರರು ಅವರ ಪರವಾಗಿ ನಿಂತು ಹೋರಾಡಿದರು. ಕೊನೆಗೆ ವರ್ಷಕ್ಕೆ ತಲಾ 20,000 ಡಾಲರುಗಳ ವೇತನವೂ, ಕಥೆಗಳ ಮೇಲೆ ಅವರಿಬ್ಬರ ಹೆಸರನ್ನು ಮತ್ತೆ ಅಚ್ಚುಹಾಕುವ ಗೌರವವೂ ದೊರಕಿದುವು. ಅತಿಮಾನುಷ ವೀರನನ್ನು ಕಲ್ಪಿಸಿದವರಿಗೆ ಸಹಾಯಕ್ಕೆ ಬಂದವರು ಸಾಮಾನ್ಯ ಮನುಷ್ಯರು.

ಸೂಪರ್‌ಮ್ಯಾನಿನ ಬೆನ್ನಹಿಂದೆಯೇ ಇತರರು ಬಂದರು. 1939ರಲ್ಲಿ ಬಾಬ್ ಕೇನ್, ಬಿಲ್ ಫಿಂಗರ್ ಎಂಬವರಿಂದ ಬ್ಯಾಟ್‌ಮ್ಯಾನ್ ಹುಟ್ಟಿದನು. ಇವನಿಗೆ ಯಾವ ದಿವ್ಯಶಕ್ತಿಯೂ ಇಲ್ಲ; ಬಾಲ್ಯದಲ್ಲಿ ತಂದೆತಾಯಿಗಳ ಕೊಲೆಯನ್ನು ಕಣ್ಣಾರೆ ಕಂಡು, ಆ ದುಃಖವನ್ನೇ ವ್ರತವನ್ನಾಗಿ ಮಾಡಿಕೊಂಡ ಅದಿವ್ಯ ನಾಯಕನಿವನು. 1941ರ ಮಾರ್ಚಿ ತಿಂಗಳ ಅಂಕಿತದಲ್ಲಿ, ಅಮೆರಿಕಾ ದೇಶವು ಯುದ್ಧಕ್ಕಿಳಿಯುವುದಕ್ಕೆ ಮುಂಚೆಯೇ, ಜೋ ಸೈಮನ್ ಮತ್ತು ಜಾಕ್ ಕರ್ಬಿ ಎಂಬವರು ‘ಕ್ಯಾಪ್ಟನ್ ಅಮೆರಿಕಾ’ ಪತ್ರಿಕೆಯ ಮೊದಲ ಮುಖಪುಟದಲ್ಲಿ ತಮ್ಮ ವೀರನಿಂದ ಹಿಟ್ಲರನ ದವಡೆಗೆ ಹೊಡೆಯಿಸಿದರು. ಯುದ್ಧವು ಮುಗಿದ ತರುವಾಯ ಈ ವೀರರ ಕಾಂತಿ ಕುಂದಿತು. ಅಪರಾಧದ ಕಥೆಗಳೂ ಭೀಭತ್ಸದ ಕಥೆಗಳೂ ಹೆಚ್ಚಾಗಿ ಮಾರಾಟವಾಗತೊಡಗಿದುವು.

ಇಲ್ಲಿಗೆ ಈ ಚರಿತ್ರೆಯಲ್ಲಿ ಒಂದು ತಿರುವು. 1954ರಲ್ಲಿ ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯನು, ಈ ಸಂಚಿಕೆಗಳು ಮಕ್ಕಳನ್ನು ಕೆಡಿಸುತ್ತಿರುವುವೆಂದು ಒಂದು ಗ್ರಂಥವನ್ನೇ ಪ್ರಕಟಿಸಿದನು. ಅದೇ ವರ್ಷ ಸೆನೆಟ್ ಸಭೆಯ ಉಪಸಮಿತಿಯು ಸಾರ್ವಜನಿಕ ವಿಚಾರಣೆ ನಡೆಯಿಸಿತು. ಭಯಗೊಂಡ ಪ್ರಕಾಶಕರು ತಮಗೆ ತಾವೇ ಒಂದು ನಿಯಮಾವಳಿಯನ್ನು ವಿಧಿಸಿಕೊಂಡರು. ಪ್ರತಿಯೊಂದು ಕಥೆಯಲ್ಲಿಯೂ ಒಳ್ಳೆಯದೇ ಗೆಲ್ಲಬೇಕು, ತಪ್ಪುಮಾಡಿದವನು ಶಿಕ್ಷೆಗೆ ಒಳಗಾಗಲೇಬೇಕು ಎಂಬುದು ಅದರ ಮುಖ್ಯ ವಿಧಿಗಳಲ್ಲೊಂದು. ಆ ನಿಯಮಕ್ಕೆ ಒಳಪಟ್ಟ ಸಂಚಿಕೆಯ ಮುಖಪುಟದ ಮೇಲೆ ಒಂದು ಮುದ್ರೆಯಿರುತ್ತಿತ್ತು. ಮುದ್ರೆಯಿಲ್ಲದ ಪುಸ್ತಕವನ್ನು ಅನೇಕ ಅಂಗಡಿಯವರು ಮಾರುತ್ತಿರಲಿಲ್ಲ.

ಮಂಗಳಾಂತವು ನಮ್ಮ ನಾಟ್ಯಶಾಸ್ತ್ರಕ್ಕೂ ಇಷ್ಟವಾದುದೇ. ಮುಖ್ಯ ನಾಯಕನ ವಧೆಯನ್ನು ರಂಗದ ಮೇಲೆ ತೋರಿಸಕೂಡದೆಂಬುದು ಲಾಕ್ಷಣಿಕರ ಮತ. ಆದರೆ ಭಾಸನದೆಂದು ಪ್ರಸಿದ್ಧವಾದ ‘ಊರುಭಂಗ’ದಲ್ಲಿ ದುರ್ಯೋಧನನು ರಂಗದ ಮೇಲೆಯೇ ಪ್ರಾಣಬಿಡುವನು, ಅದನ್ನು ನೋಡಿದ ಸಹೃದಯರಿಗೆ ಆ ನಾಟಕದ ಮೇಲೆ ಪ್ರೀತಿಯು ಹೆಚ್ಚೇ ಆಗಿದೆ. ಶಾಸ್ತ್ರದ ಮಂಗಳಾಂತಕ್ಕೂ ಮುದ್ರೆಯ ಮಂಗಳಾಂತಕ್ಕೂ ಭೇದವುಂಟು. ಶಾಕುಂತಲದ ಸುಖಾಂತವು ವಿರಹವನ್ನೂ ಪಶ್ಚಾತ್ತಾಪವನ್ನೂ ದಾಟಿ ಬರುವುದು. ಅಪ್ಪಣೆಯ ಮೇರೆಗೆ ಬರುವ ಸುಖಾಂತವಾದರೋ ಮೊದಲನೆಯ ಪುಟದಲ್ಲಿಯೇ ಗೊತ್ತಾಗಿಹೋಗುವುದು. ಓದುಗನಿಗೆ ಆತಂಕವಿಲ್ಲದ ಕಡೆ ಆನಂದವೂ ಇಲ್ಲ. 1954ರ ತರುವಾಯದ ಕೆಲವು ವರ್ಷಗಳಲ್ಲಿ ಈ ಕಥೆಗಳು ನಿರಪಾಯವಾದುವು, ಅದರೊಡನೆಯೇ ನಿಸ್ಸತ್ವವೂ ಆದುವು.

ಈ ನಿಯಮದೊಳಗೇ ಇದ್ದುಕೊಂಡು ಹೊಸ ಉಸಿರನ್ನು ತಂದವರು ಮಾರ್ವೆಲ್ ಸಂಸ್ಥೆಯ ಸ್ಟ್ಯಾನ್ ಲೀ, ಜಾಕ್ ಕರ್ಬಿ, ಸ್ಟೀವ್ ಡಿಟ್ಕೋ ಎಂಬ ಮೂವರು. 1962ರಲ್ಲಿ ಲೀ ಮತ್ತು ಡಿಟ್ಕೋ ಎಂಬವರು ಸ್ಪೈಡರ್‌ಮ್ಯಾನ್ ಎಂಬ ವೀರನನ್ನು ಕಲ್ಪಿಸಿದರು. ಪೀಟರ್ ಪಾರ್ಕರ್ ಎಂಬ ಅನಾಥ ವಿದ್ಯಾರ್ಥಿಗೆ ಜೇಡದ ಕಡಿತದಿಂದ ಅಪೂರ್ವ ಶಕ್ತಿಯು ಬಂದೊದಗುವುದು. ಗರ್ವದಿಂದ ಅವನು ತನ್ನೆದುರಿಗೆ ಓಡಿಹೋಗುತ್ತಿದ್ದ ಕಳ್ಳನನ್ನು ಹಿಡಿಯದೆ ಬಿಡುವನು. ಮುಂದೆ ಅದೇ ಕಳ್ಳನು, ಪೀಟರನನ್ನು ಸಾಕಿದ ದೊಡ್ಡಪ್ಪನನ್ನು ಕೊಲ್ಲುವನು. ಈ ವೀರನ ವ್ರತಕ್ಕೆ ಮೂಲವು ಲೋಕದ ಅಪರಾಧವಲ್ಲ, ತನ್ನ ಅಪರಾಧವೇ. ಹದಿಹರೆಯದ ಓದುಗರು ಅವನಲ್ಲಿ ತಮ್ಮನ್ನೇ ಕಂಡರು.

ಅಭಿಮಾನಿಗಳು ಇಂದಿಗೂ ಕೊಂಡಾಡುವ ಪ್ರಸಂಗವೊಂದು ಆ ಪತ್ರಿಕೆಯ 31ರಿಂದ 33ನೆಯ ಸಂಚಿಕೆಗಳಲ್ಲಿ, 1965ರ ಡಿಸೆಂಬರಿನಿಂದ 1966ರ ಫೆಬ್ರವರಿಯ ಪರ್ಯಂತ ಬಂದಿತು. ಪೀಟರನ ದೊಡ್ಡಮ್ಮನು ಮರಣಶಯ್ಯೆಯಲ್ಲಿರುವಳು. ಹಿಂದೊಮ್ಮೆ ಅವಳ ಪ್ರಾಣವುಳಿಸುವುದಕ್ಕೆಂದು ಅವನು ಕೊಟ್ಟ ರಕ್ತವೇ ಈಗ ಅವಳಿಗೆ ವಿಷವಾಗಿರುವುದು. ಔಷಧವು ನದಿಯಡಿಯ ಶತ್ರುಗೃಹದಲ್ಲಿದೆ. ಅಲ್ಲಿ ಬೃಹದಾಕಾರದ ಯಂತ್ರವೊಂದು ಅವನ ಮೇಲೆ ಉರುಳಿ ಬೀಳುವುದು. ಔಷಧದ ಪಾತ್ರೆಯು ಕೈಗೆಟುಕದಷ್ಟು ದೂರದಲ್ಲಿ ನೆಲದ ಮೇಲಿರುವುದು. ಮಾಳಿಗೆಯಿಂದ ನೀರು ಸೋರುತ್ತಿರುವುದು. ಮೊದಲ ಪ್ರಯತ್ನ ವ್ಯರ್ಥ. ಎರಡನೆಯದೂ ವ್ಯರ್ಥ. ಡಿಟ್ಕೋ ಪುಟದಿಂದ ಪುಟಕ್ಕೆ ಚಿತ್ರಗಳನ್ನು ಹಿರಿದು ಮಾಡುತ್ತಾ ಬಂದು, ಕೊನೆಗೆ ಒಂದು ಪೂರ್ಣಪುಟದಲ್ಲಿ ಆ ಭಾರವು ಮೇಲಕ್ಕೆದ್ದುದನ್ನು ತೋರಿಸಿರುವನು. ಇದು ಜಯದ ಕಥೆಯೇ ಆದರೂ, ಅದರ ಸ್ವಾರಸ್ಯವೆಲ್ಲವೂ ಸೋಲಿಗೆ ಕೊಟ್ಟ ಕಾಲಾವಧಿಯಲ್ಲಿದೆ. ಶತ್ರುವನ್ನು ಹೊಡೆಯುವ ಬಲವನ್ನು ನೋಡಿ ಓದುಗನು ಬೆರಗಾಗುವನು. ಪ್ರೀತಿಸುವುದು ಭಾರವನ್ನು ಹೊರುವ ಬಲವನ್ನು.

ಇನ್ನು ನಿಜವಾದ ಸೋಲು. ಅದಕ್ಕೆ ಮುನ್ನ 1971ರಲ್ಲಿ ಸರಕಾರದ ಆರೋಗ್ಯ ಇಲಾಖೆಯ ಕೋರಿಕೆಯ ಮೇರೆಗೆ, ಮಾದಕದ್ರವ್ಯಗಳ ಕೇಡನ್ನು ತೋರಿಸುವ ಕಥೆಯೊಂದನ್ನು ಲೀ ಸ್ಪೈಡರ್‌ಮ್ಯಾನ್ ಪತ್ರಿಕೆಯಲ್ಲಿ ಬರೆದನು. ಆ ವಿಷಯವನ್ನೆತ್ತುವುದೇ ನಿಯಮಕ್ಕೆ ವಿರುದ್ಧವೆಂದು ಮುದ್ರೆಯು ನಿರಾಕೃತವಾಯಿತು. 96ರಿಂದ 98ನೆಯ ಸಂಚಿಕೆಗಳು ಮುದ್ರೆಯಿಲ್ಲದೆಯೇ ಹೊರಟುವು. ಲೋಕವೇನೂ ಮುಳುಗಲಿಲ್ಲ, ಆ ವರ್ಷವೇ ನಿಯಮಗಳು ಸಡಿಲವಾದುವು. ಕಟ್ಟು ಒಮ್ಮೆ ಸಡಿಲವಾದ ಮೇಲೆ ಕರುಣರಸಕ್ಕೆ ಬಾಗಿಲು ತೆರೆಯಿತು.

1973ರ ಜೂನ್ ಮತ್ತು ಜುಲೈ ಅಂಕಿತದ 121, 122ನೆಯ ಸಂಚಿಕೆಗಳಲ್ಲಿ ಪೀಟರನ ಪ್ರಿಯೆಯಾದ ಗ್ವೆನ್ ಸ್ಟೇಸಿ ಎಂಬವಳು ಮರಣಹೊಂದಿದಳು. ಬರೆದ ಗೆರಿ ಕಾನ್ವೇ ಆಗ ಇಪ್ಪತ್ತು ವರ್ಷದ ತರುಣ; ಚಿತ್ರಗಳು ಗಿಲ್ ಕೇನ್ ಎಂಬವನವು. ಗ್ರೀನ್ ಗಾಬ್ಲಿನ್ ಎಂಬ ದುಷ್ಟನು ಅವಳನ್ನು ಸೇತುವೆಯ ಮೇಲಿನಿಂದ ಕೆಡಹುವನು. ಸ್ಪೈಡರ್‌ಮ್ಯಾನ್ ತನ್ನ ಬಲೆಯ ಎಳೆಯನ್ನು ಬೀಸಿ ಅವಳ ಕಾಲನ್ನು ಹಿಡಿಯುವನು; ಉಳಿಸಿದೆನೆಂದು ಹಿಗ್ಗುವನು; ಮೇಲಕ್ಕೆಳೆದು ನೋಡಿದರೆ ದೇಹದಲ್ಲಿ ಪ್ರಾಣವಿಲ್ಲ. ಬಲೆಯು ಹಿಡಿದ ಗಳಿಗೆಯ ಚಿತ್ರದಲ್ಲಿ ಅವಳ ಕತ್ತಿನ ಬಳಿ ಮುರಿತದ ಶಬ್ದವನ್ನು ಸೂಚಿಸುವ ಒಂದು ಚಿಕ್ಕ ಮಾತು ಅಚ್ಚಾಗಿದೆ. ಅಭಿಮಾನಿಗಳು ವರ್ಷಗಟ್ಟಲೆ ಆ ಒಂದು ಮಾತಿನ ಮೇಲೆ ವಾದಮಾಡಿದರು: ಕೊಂದುದು ಬೀಳುವಿಕೆಯೋ, ಬಲೆಯ ಜಗ್ಗುವಿಕೆಯೋ? ಪತ್ರಿಕೆಯ ಓದುಗರ ವಿಭಾಗದಲ್ಲಿ ಸಂಪಾದಕವರ್ಗವು, ಥಟ್ಟನೆ ತಡೆದುದರಿಂದಲೇ ಕತ್ತು ಮುರಿಯಿತೆಂದು ಉತ್ತರ ಕೊಟ್ಟಿತು. ಹಾಗಾದರೆ ಕಾಪಾಡುವ ಕೃತ್ಯವೇ ಕೊಂದಿತು.

ಕೋಪದ ಪತ್ರಗಳು ರಾಶಿಯಾಗಿ ಬಂದುವು. ಆದರೂ ಕಾಲವು ಕಳೆದಂತೆ ಇದೇ ಕಥೆಯು ಆ ವೀರನ ಶ್ರೇಷ್ಠ ಪ್ರಸಂಗಗಳಲ್ಲಿ ಒಂದೆಂದು ಗಣ್ಯವಾಯಿತು. ಕಾರಣವು ಮರಣವೊಂದರಲ್ಲಿಯೇ ಇಲ್ಲ. ಶತ್ರುವನ್ನು ಕೊಲ್ಲಬೇಕೆಂದು ಹೋದ ಸ್ಪೈಡರ್‌ಮ್ಯಾನ್ ಹೊಡೆಯುತ್ತಾ ಹೊಡೆಯುತ್ತಾ ಕೈಯನ್ನು ತಡೆದುಕೊಳ್ಳುವನು. ಶತ್ರುವು ತನ್ನ ಯಂತ್ರದಿಂದಲೇ ತಾನು ಸಾಯುವನು. ಆ ಸಾವಿನಿಂದ ಯಾವ ಸಮಾಧಾನವೂ ಆಗದು. ಕೊನೆಯ ಪುಟದಲ್ಲಿ, ಅದುವರೆಗೆ ನಗೆಯಾಟದವಳೆಂದೇ ಹೆಸರಾಗಿದ್ದ ಮೇರಿ ಜೇನ್ ಎಂಬವಳು ಪೀಟರನನ್ನು ನೋಡಲು ಬರುವಳು. ಅವನು ಕಟುವಾಗಿ ಹೊರಟುಹೋಗೆನ್ನುವನು. ಅವಳು ಬಾಗಿಲಿನವರೆಗೆ ಹೋಗಿ, ಒಂದು ಕ್ಷಣ ನಿಂತು, ಹೊರಕ್ಕೆ ಹೋಗದೆ ಒಳಗಿನಿಂದಲೇ ಬಾಗಿಲನ್ನು ಮುಚ್ಚುವಳು. ದುಃಖದಲ್ಲಿರುವವನ ಮನೆಗೆ ಹೋಗಿ ಏನು ಮಾತನಾಡಬೇಕೆಂದು ತಿಳಿಯದೆ ಸುಮ್ಮನೆ ಕುಳಿತು ಬಂದವರೆಲ್ಲರಿಗೂ ಆ ಚಿತ್ರದ ಅರ್ಥವಾಗುವುದು.

1980ರಲ್ಲಿ ‘ಎಕ್ಸ್-ಮೆನ್’ ಪತ್ರಿಕೆಯಲ್ಲಿ ಬಂದ ‘ಡಾರ್ಕ್ ಫೀನಿಕ್ಸ್’ ಪ್ರಸಂಗವು ಬೇರೊಂದು ಪ್ರಶ್ನೆಯನ್ನೆತ್ತಿತು. ಕ್ರಿಸ್ ಕ್ಲೇರ್ಮಾಂಟ್ ಬರೆದು ಜಾನ್ ಬರ್ನ್ ಚಿತ್ರಿಸಿದ ಈ ಕಥೆಯಲ್ಲಿ ಜೀನ್ ಗ್ರೇ ಎಂಬ ಸೌಮ್ಯಸ್ವಭಾವದ ನಾಯಿಕೆಯು ಅಪರಿಮಿತ ಶಕ್ತಿಯನ್ನು ಪಡೆದು, ಅದರ ಮದದಲ್ಲಿ ಒಂದು ನಕ್ಷತ್ರವನ್ನೇ ನುಂಗಿಬಿಡುವಳು. ಅದನ್ನು ಸುತ್ತುವ ಗ್ರಹದ ಐನೂರು ಕೋಟಿ ಜೀವಿಗಳು ನಾಶವಾಗುವರು. ಲೇಖಕರು ಮೊದಲು ಯೋಚಿಸಿದ್ದ ಮುಕ್ತಾಯದಲ್ಲಿ ಅವಳ ಶಕ್ತಿಯನ್ನು ಕಿತ್ತುಹಾಕಿ, ಅವಳನ್ನು ಮನೆಗೆ ಕಳುಹಿಸುವುದೆಂದಿತ್ತು. ಮುಖ್ಯ ಸಂಪಾದಕನಾದ ಜಿಮ್ ಶೂಟರ್ ಒಪ್ಪಲಿಲ್ಲ. ಅಷ್ಟು ಪ್ರಾಣಿಗಳನ್ನು ಕೊಂದವಳು ಅದಕ್ಕೆ ತಕ್ಕ ಬೆಲೆಯನ್ನು ತೆರದೆ ಬದುಕುವುದು ನ್ಯಾಯವಲ್ಲವೆಂದು ಅವನ ವಾದ. ಹೀಗೆ 137ನೆಯ ಸಂಚಿಕೆಯ ಅಂತ್ಯವು ಬದಲಾಯಿತು. ಚಂದ್ರಲೋಕದಲ್ಲಿ, ತನ್ನ ಪ್ರಿಯನ ಕಣ್ಣೆದುರಿಗೆ, ತಾನು ಮತ್ತೆ ಉನ್ಮತ್ತಳಾಗುವುದಕ್ಕೆ ಮುಂಚೆಯೇ ಜೀನ್ ತನ್ನ ಪ್ರಾಣವನ್ನು ತಾನೇ ಅರ್ಪಿಸುವಳು.

ಈ ಕಥೆಯ ಮೇಲೆ ಅಭಿಮಾನಿಗಳಿಗಿರುವ ಪ್ರೀತಿಯು ಧರ್ಮವಿಚಾರದಿಂದ ಕೂಡಿದುದು. ಪ್ರಿಯಜನರು ಮಾಡಿದ ಮಹಾಪರಾಧವನ್ನು ಕ್ಷಮಿಸಬಹುದೆ? ಕ್ಷಮಿಸುವ ಅಧಿಕಾರವು ಯಾರದು, ಸತ್ತವರದೋ, ಸ್ನೇಹಿತರದೋ? ಹದಿನೈದು ವರ್ಷದ ಬಾಲಕರು ಈ ಪ್ರಶ್ನೆಗಳನ್ನು ಪತ್ರಮುಖೇನ ಚರ್ಚಿಸಿದರು. ಹಳೆಯ ಯೋಜನೆಯ ಮುಕ್ತಾಯವೂ 1984ರಲ್ಲಿ ಪ್ರತ್ಯೇಕವಾಗಿ ಅಚ್ಚಾಯಿತು. ಎರಡನ್ನೂ ಓದಿದವರಲ್ಲಿ ಬಹುಮಂದಿಗೆ ಸಾವಿನ ಮುಕ್ತಾಯವೇ ಸರಿಯೆಂದು ತೋರಿತು. ಆದರೆ 1986ರ ವೇಳೆಗೆ ಪ್ರಕಾಶಕರು, ಸತ್ತವಳು ಜೀನಳಲ್ಲ, ಅವಳ ರೂಪವನ್ನು ತಾಳಿದ ಬೇರೊಂದು ಶಕ್ತಿಯೆಂದು ಹೇಳಿ ಅವಳನ್ನು ಮತ್ತೆ ಬದುಕಿಸಿದರು. ಪ್ರಾಯಶ್ಚಿತ್ತವು ಹೀಗೆ ವ್ಯರ್ಥವಾದುದನ್ನು ಕಂಡು ನೊಂದ ಓದುಗರು ಹಲವರು.

ಓದುಗರ ಈ ಅಧಿಕಾರಪ್ರಜ್ಞೆಯು ಒಂದು ದಿನದಲ್ಲಿ ಹುಟ್ಟಿದುದಲ್ಲ. 1960ರ ಸುಮಾರಿನಿಂದ ಸಂಪಾದಕರು ಓದುಗರ ಪತ್ರಗಳನ್ನು ವಿಳಾಸಸಹಿತವಾಗಿ ಅಚ್ಚುಹಾಕುತ್ತಿದ್ದರು. ಆ ವಿಳಾಸಗಳಿಂದ ಓದುಗರಿಗೆ ಪರಸ್ಪರ ಪರಿಚಯವಾಯಿತು. 1961ರಲ್ಲಿ ಜೆರಿ ಬೇಲ್ಸ್ ಎಂಬ ಅಧ್ಯಾಪಕನು ‘ಆಲ್ಟರ್ ಈಗೋ’ ಎಂಬ ಅಭಿಮಾನಿಗಳ ಪತ್ರಿಕೆಯನ್ನು ಆರಂಭಿಸಿದನು. 1964ರಲ್ಲಿ ನ್ಯೂಯಾರ್ಕಿನಲ್ಲಿ ಅವರ ಸಮ್ಮೇಳನವೂ ಕೂಡಿತು. ಅಭಿಮಾನಿಗಳಲ್ಲಿ ಕೆಲವರು ಮುಂದೆ ತಾವೇ ಲೇಖಕರೂ ಸಂಪಾದಕರೂ ಆದರು. ಕೇಳುವವರು ಕಥೆಗಾರನ ಎದುರಿಗೇ ಕುಳಿತು, ನಡುನಡುವೆ ಬಾಯಿಹಾಕುವ ಹಳ್ಳಿಯ ಜಗಲಿಯಂತೆ ಆ ಪುಟಗಳಿದ್ದುವು.

ಈ ಜಗಲಿಯ ಅಧಿಕಾರವು ಅತಿಗೆ ಹೋದ ಉದಾಹರಣೆಯು 1988ರಲ್ಲಿ ನಡೆಯಿತು. ಬ್ಯಾಟ್‌ಮ್ಯಾನಿಗೆ ರಾಬಿನ್ ಎಂಬ ಹೆಸರಿನ ಬಾಲಸಹಾಯಕನೊಬ್ಬನು 1940ರಿಂದಲೂ ಇದ್ದನು. ಮೊದಲನೆಯವನು ದೊಡ್ಡವನಾಗಿ ಹೊರಟುಹೋದ ಮೇಲೆ ಜೇಸನ್ ಟಾಡ್ ಎಂಬವನು ಆ ಸ್ಥಾನಕ್ಕೆ ಬಂದನು. ಬೀದಿಯಲ್ಲಿ ಬೆಳೆದವನು, ಮುಂಗೋಪಿ, ಹೇಳಿದ ಮಾತನ್ನು ಕೇಳದವನು; ಓದುಗರಲ್ಲಿ ಅನೇಕರಿಗೆ ಇವನು ಹಿಡಿಸಲಿಲ್ಲ. ಜಿಮ್ ಸ್ಟಾರ್ಲಿನ್ ಬರೆದ ಕಥೆಯಲ್ಲಿ ಜೋಕರ್ ಎಂಬ ಖಳನು ಹುಡುಗನನ್ನು ಹೊಡೆದು, ಸಿಡಿಮದ್ದಿರುವ ಮನೆಯಲ್ಲಿ ಕೂಡಿಹಾಕುವನು. ಸಂಚಿಕೆಯು ಅಲ್ಲಿಗೆ ನಿಂತಿತು. ಸಂಪಾದಕನಾದ ಡೆನಿಸ್ ಓನೀಲ್ ಎರಡು ಟೆಲಿಫೋನ್ ಸಂಖ್ಯೆಗಳನ್ನು ಪ್ರಕಟಿಸಿದನು: ಹುಡುಗನು ಬದುಕಬೇಕೆಂಬವರಿಗೆ ಒಂದು, ಸಾಯಬೇಕೆಂಬವರಿಗೆ ಇನ್ನೊಂದು. ಒಂದು ಕರೆಗೆ ಐವತ್ತು ಸೆಂಟು. ಎಣಿಸಿದಾಗ ಸಾಯಲೆಂದವರ ಮತಗಳು 5,343, ಬದುಕಲೆಂದವರವು 5,271. ಎಪ್ಪತ್ತೆರಡು ಮತಗಳ ಅಂತರದಿಂದ ಹುಡುಗನು ಸತ್ತನು.

ಸತ್ತವನು ಕಾಗದದ ಹುಡುಗನೆಂಬುದು ನಿಜ. ಆದರೂ ಆ ಫಲಿತಾಂಶವು ಹೊರಬಿದ್ದಾಗ ಪತ್ರಿಕೆಗಳಲ್ಲಿ ಖಂಡನೆಯಾಯಿತು. ಸಂಪಾದಕನಿಗೂ ಆ ಕೋಪದ ಪ್ರಮಾಣವು ಅನಿರೀಕ್ಷಿತವಾಗಿತ್ತು. ಗ್ವೆನ್ನಳ ಸಾವಿನಲ್ಲಿ ಓದುಗರು ಶೋಕಿಸಿದರು. ಇಲ್ಲಿ ಅವರೇ ಕೊಂದರು. ರಸಶಾಸ್ತ್ರದ ದೃಷ್ಟಿಯಿಂದ ಇದು ದೊಡ್ಡ ವ್ಯತ್ಯಾಸ. ಸಹೃದಯನು ಕಥೆಯಲ್ಲಿ ತನ್ಮಯನಾಗಬಹುದು, ಆದರೆ ಅವನಿಗೆ ಫಲದ ಮೇಲೆ ಹಿಡಿತವಿಲ್ಲ. ಆ ಹಿಡಿತವಿಲ್ಲದಿರುವಿಕೆಯಿಂದಲೇ ಅವನ ಶೋಕವು ರಸವಾಗಿ ಪರಿಣಮಿಸುವುದು. ಹಿಡಿತವು ಕೈಗೆ ಬಂದೊಡನೆ ಅವನು ಸಹೃದಯನಾಗಿ ಉಳಿಯುವುದಿಲ್ಲ, ಪಕ್ಷಗಾರನಾಗುವನು. ವಿಸ್ಮಯವೆಂದರೆ, ಮತದಾನವು ಮರೆತುಹೋದ ಮೇಲೆಯೂ ಆ ಕಥೆಯು ಉಳಿಯಿತು. ಕಾರಣವೇನೆಂದರೆ ತರುವಾಯದ ಲೇಖಕರು ಆ ಹುಡುಗನ ಖಾಲಿಯಾದ ಉಡುಪನ್ನು ಬ್ಯಾಟ್‌ಮ್ಯಾನಿನ ಗುಹೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇರಿಸಿದರು. ಬ್ಯಾಟ್‌ಮ್ಯಾನ್ ಅದರ ಮುಂದೆ ನಿಂತಾಗಲೆಲ್ಲ ಮತಕೊಟ್ಟವರೂ ಅವನೊಡನೆ ನಿಂತರು. 2005ರಲ್ಲಿ ಜೇಸನ್ ಮತ್ತೆ ಬದುಕಿ ಬಂದನು. ಬಂದವನು ಕೇಳಿದ ಪ್ರಶ್ನೆ, ತನ್ನನ್ನು ಕೊಂದವನು ಇನ್ನೂ ಏಕೆ ಬದುಕಿದ್ದಾನೆಂಬುದು.

ಸಾವು ಸರಕಾಗಿ ಮಾರಾಟವಾಗಬಲ್ಲುದೆಂಬುದು 1992ರಲ್ಲಿ ಸ್ಪಷ್ಟವಾಯಿತು. ಆ ವರ್ಷದ ನವೆಂಬರಿನಲ್ಲಿ ಹೊರಬಂದ ‘ಸೂಪರ್‌ಮ್ಯಾನ್’ ಪತ್ರಿಕೆಯ 75ನೆಯ ಸಂಚಿಕೆಯಲ್ಲಿ ಮೂಲಪುರುಷನೇ ಮೃತನಾದನು. ಅವನ ವಿವಾಹದ ಕಥೆಯನ್ನು ದೂರದರ್ಶನದ ಧಾರಾವಾಹಿಯೊಂದಕ್ಕಾಗಿ ಮುಂದೂಡಬೇಕಾಗಿ ಬಂದಾಗ, ತೆರವಾದ ಸ್ಥಳಕ್ಕೆ ಲೇಖಕರು ಕಲ್ಪಿಸಿದ ಕಥೆಯಿದು. ಚಿತ್ರಕೌಶಲವೇನೋ ಉಂಟು: ಯುದ್ಧವು ಮುಂದುವರಿದಂತೆ ಒಂದೊಂದು ಸಂಚಿಕೆಯಲ್ಲಿ ಪುಟಕ್ಕೆ ನಾಲ್ಕು ಚಿತ್ರಗಳು, ಮೂರು, ಎರಡು ಎಂದು ಇಳಿಯುತ್ತಾ ಬಂದು, ಡ್ಯಾನ್ ಜರ್ಗೆನ್ಸ್ ಬರೆದು ಚಿತ್ರಿಸಿದ ಕೊನೆಯ ಸಂಚಿಕೆಯಲ್ಲಿ ಪುಟಕ್ಕೊಂದೇ ಚಿತ್ರವಾಗುವುದು. ಕಪ್ಪು ಚೀಲದಲ್ಲಿ, ತೋಳಿಗೆ ಕಟ್ಟಿಕೊಳ್ಳುವ ಶೋಕಪಟ್ಟಿಯ ಸಹಿತವಾಗಿಯೂ ಅದು ಮಾರಾಟವಾಯಿತು. ಅರವತ್ತು ಲಕ್ಷಕ್ಕೂ ಮೇಲ್ಪಟ್ಟು ಪ್ರತಿಗಳು ಹೋದುವೆಂದು ಪ್ರಸಿದ್ಧಿ. ಓದುವುದಕ್ಕಲ್ಲದೆ, ಮುಂದೆ ಬೆಲೆಯೇರೀತೆಂದು ಚೀಲವನ್ನು ಬಿಚ್ಚದೆ ಇಟ್ಟುಕೊಂಡವರು ಅಸಂಖ್ಯರು. ಎಲ್ಲರೂ ಕಾಪಾಡಿದ ವಸ್ತುವಿಗೆ ಬೆಲೆಯೆಲ್ಲಿಂದ ಬರಬೇಕು? 1993ರಲ್ಲಿ ವೀರನು ಮರಳಿ ಬಂದನು. ಇಂತಹ ಸಂಗ್ರಹವ್ಯಾಪಾರವು ಕೆಲವೇ ವರ್ಷಗಳಲ್ಲಿ ಕುಸಿದು ಅನೇಕ ಅಂಗಡಿಗಳು ಮುಚ್ಚಿದುವು. 1996ರ ಕೊನೆಯಲ್ಲಿ ಮಾರ್ವೆಲ್ ಸಂಸ್ಥೆಯೇ ದಿವಾಳಿಯ ಅರ್ಜಿಯನ್ನು ಸಲ್ಲಿಸಿತು.

ಅಭಿಮಾನಿಗಳ ವಿವೇಕವು ಇಲ್ಲಿಯೇ ಕಾಣುವುದು. ಆ ಸಂಚಿಕೆಯನ್ನು ಕೊಂಡವರೇ ಇಂದು ಅದರ ಕಾದಾಟವನ್ನು ಅಷ್ಟಾಗಿ ಹೊಗಳುವುದಿಲ್ಲ. ಅವರು ಮೆಚ್ಚುವುದು ತರುವಾಯ ಬಂದ ಶೋಕದ ಸಂಚಿಕೆಗಳನ್ನು: ಮಗನ ಶವಸಂಸ್ಕಾರವನ್ನು ದೂರದರ್ಶನದಲ್ಲಿ ಮಾತ್ರ ನೋಡಬೇಕಾದ, ತಮ್ಮ ಮಗನೆಂದು ಯಾರಿಗೂ ಹೇಳಿಕೊಳ್ಳಲಾಗದ ಕಾನ್ಸಾಸ್ ಸೀಮೆಯ ವೃದ್ಧ ದಂಪತಿಗಳ ಕಥೆಯನ್ನು. ಲೋಕವು ತನ್ನ ವೀರನನ್ನು ಕಳೆದುಕೊಂಡಿತು. ಇವರು ಮಗುವನ್ನು ಕಳೆದುಕೊಂಡರು. ಮೊದಲನೆಯದು ಸುದ್ದಿ, ಎರಡನೆಯದು ದುಃಖ.

ಇಷ್ಟು ನಿದರ್ಶನಗಳಿಂದ ತಾತ್ಪರ್ಯವು ತಾನಾಗಿಯೇ ಹೊರಡುವುದು. ಸತ್ತವರು ಮರಳಿ ಬರುವರೆಂದು ಈ ಓದುಗರೆಲ್ಲರಿಗೂ ಗೊತ್ತು. ಆದುದರಿಂದ ಅವರು ಮೋಸಹೋಗಿ ಅಳುವವರಲ್ಲ. ತಿಂಗಳಿಗೊಂದರಂತೆ ವರ್ಷಗಟ್ಟಲೆ ಓದಿದುದರಿಂದ ಆ ಪಾತ್ರಗಳೊಡನೆ ನೆರೆಹೊರೆಯವರ ಬಳಕೆಯುಂಟಾಗಿರುವುದು. ಒಂದೇ ಗ್ರಂಥದಲ್ಲಿ ಮುಗಿಯುವ ಕಥೆಗೆ ಈ ಸೌಕರ್ಯವಿಲ್ಲ. ಅಂತಹ ಬಳಕೆಯಿರುವ ಬಲಶಾಲಿಯೊಬ್ಬನು ತನ್ನ ಬಲವೆಲ್ಲವೂ ನಿಷ್ಪ್ರಯೋಜಕವಾದ ಸ್ಥಳದಲ್ಲಿ ನಿಂತಾಗ, ಉಳಿಯುವುದು ಅವನ ಶೀಲವೊಂದೇ. ಶಕ್ತಿಯಲ್ಲಿ ಅವನನ್ನು ಅನುಸರಿಸುವುದು ಯಾರಿಗೂ ಸಾಧ್ಯವಿಲ್ಲ. ಶೀಲದಲ್ಲಿ ಅನುಸರಿಸಲು ಯತ್ನಿಸಬಹುದು. ದಿವ್ಯಾದಿವ್ಯ ನಾಯಕನು ಓದುಗನಿಗೆ ಹತ್ತಿರವಾಗುವುದು ಅವನ ದಿವ್ಯಾಂಶದಿಂದಲ್ಲ. 1954ರ ನಿಯಮಾವಳಿಯು ಇದನ್ನೇ ತಪ್ಪಾಗಿ ತಿಳಿದುದು. ಗೆಲುವನ್ನು ತೋರಿಸಿದರೆ ಮಕ್ಕಳು ಒಳ್ಳೆಯವರಾಗುವರೆಂದು ಅದು ನಂಬಿತು. 2011ರಲ್ಲಿ ಕೊನೆಯ ಪ್ರಕಾಶಕರೂ ಆ ಮುದ್ರೆಯನ್ನು ಕೈಬಿಟ್ಟರು. ಅದಕ್ಕೆ ಬಹಳ ಮುಂಚೆಯೇ ಓದುಗರು ಅದನ್ನು ಕೈಬಿಟ್ಟಿದ್ದರು.

ಗ್ರಾಂಟ್ ಮಾರಿಸನ್ ಬರೆದು ಫ್ರಾಂಕ್ ಕ್ವೈಟ್ಲಿ ಚಿತ್ರಿಸಿದ ‘ಆಲ್-ಸ್ಟಾರ್ ಸೂಪರ್‌ಮ್ಯಾನ್’ ಎಂಬ ಹನ್ನೆರಡು ಸಂಚಿಕೆಗಳ ಕಥಾಮಾಲೆಯು 2005ರಿಂದ 2008ರ ಪರ್ಯಂತ ಬಂದಿತು. ಅದರಲ್ಲಿ ಸೂಪರ್‌ಮ್ಯಾನಿಗೆ ತನ್ನ ಮರಣವು ಸಮೀಪಿಸಿರುವುದು ತಿಳಿದಿದೆ. ಉಳಿದ ದಿನಗಳಲ್ಲಿ ಮಹಾಕಾರ್ಯಗಳನ್ನು ಮಾಡಿ ಮುಗಿಸುತ್ತಿರುವನು. ಹತ್ತನೆಯ ಸಂಚಿಕೆಯ ನಡುವೆ ಒಂದು ಪುಟವುಂಟು. ಎತ್ತರವಾದ ಕಟ್ಟಡದ ಅಂಚಿನಲ್ಲಿ ಹುಡುಗಿಯೊಬ್ಬಳು ಪ್ರಾಣಬಿಡಲು ನಿಂತಿರುವಳು. ಅವಳು ನಂಬಿದ್ದ ವೈದ್ಯನು ಬರಲಿಲ್ಲ. ಸೂಪರ್‌ಮ್ಯಾನ್ ಅವಳ ಹಿಂದೆ ಬಂದು ನಿಲ್ಲುವನು. ಹಾರುವುದಿಲ್ಲ, ಸೆಳೆಯುವುದಿಲ್ಲ, ಬೀಳುವವಳನ್ನು ಹಿಡಿಯುವುದೂ ಇಲ್ಲ. ವೈದ್ಯನು ಬೇಕೆಂದು ತಪ್ಪಿಸಿಕೊಂಡವನಲ್ಲ, ನಿಜವಾಗಿಯೂ ದಾರಿಯಲ್ಲಿ ತಡವಾಗಿದ್ದನೆಂದೂ, ಅವಳು ತಾನೆಣಿಸಿದುದಕ್ಕಿಂತ ಗಟ್ಟಿಯಾದವಳೆಂದೂ ಹೇಳುವನು. ಅವಳು ತಿರುಗಿ ಅವನನ್ನು ಅಪ್ಪಿಕೊಳ್ಳುವಳು. ಐದು ಚಿತ್ರಗಳಲ್ಲಿ ಪುಟವು ಮುಗಿಯುವುದು.

ಗ್ರಹಗಳನ್ನು ಸರಿಸಬಲ್ಲವನು ಮಾಡಿದ ಕಾರ್ಯಗಳಲ್ಲೆಲ್ಲ ಇದೇ ದೊಡ್ಡದೆಂದು ಅನೇಕ ಅಭಿಮಾನಿಗಳು ಎಣಿಸುವರು. ಅದಕ್ಕೆ ಬೇಕಾದುದು ಯಾವ ದಿವ್ಯಶಕ್ತಿಯೂ ಅಲ್ಲ. ಸರಿಯಾದ ವೇಳೆಗೆ ಹತ್ತಿರ ಬಂದು ಎರಡು ನಿಜವಾದ ಮಾತುಗಳನ್ನಾಡುವುದು ಯಾವ ಮನೆಯಲ್ಲಿಯೂ ಯಾರಿಗೂ ಅಸಾಧ್ಯವಾದುದಲ್ಲ.